ಆಯುಧಪೂಜೆಗೆ ಕೂತ ಸೀಲು

ಹರಿಪ್ರಸಾದ ಬೆಳಗ್ಗೆ ಬ್ಯಾಗು ತಡಕಿದಾಗ ಎಲ್ಲವೂ ಇತ್ತು, ನೋಟರಿ ಸೀಲು ಮಾತ್ರ ಇರಲಿಲ್ಲ. ಹುಡುಕಿಕೊಂಡು ಹೋದರೆ ಅದು ದೇವರ ಮುಂದೆ ಕೂತಿತ್ತು! ಮಿಕ್ಸಿಗೂ ಹೊಲಿಗೆ ಮಿಷನ್ನಿಗೂ ನಡುವೆ, ಮುಖ ಕಾಣದಷ್ಟು ಅರಿಶಿನ ಕುಂಕುಮ ಮೆತ್ತಿಸಿಕೊಂಡು, ಮೈತುಂಬ ಸೇವಂತಿಗೆ ಹೊದ್ದು, ಹಸೆಗೇರಿದ ಮದುವಣಗಿತ್ತಿಯ ಹಾಗೆ. ಅವತ್ತು ಆಯುಧಪೂಜೆ.

"ಅತ್ತೆ, ನನಗೆ ಇವತ್ತು ಸೀಲು ಬೇಕಲ್ಲ" ಎಂದ ಮೆಲ್ಲಗೆ.

"ಪೂಜಿಗೆ ಕುಂತದ್ದನ್ನ ನಾಳೆ ಬನ್ನಿ ಕೊಟ್ಟ ಮ್ಯಾಲನ ಎತ್ತೂದು, ಅಳಿಯಂದ್ರ" ಎಂದರು, ಗದಗಿನಿಂದ ಮಗಳ ಮನೆಗೆ ಬಂದಿದ್ದ ಗಂಗಾಂಬಿಕಾ. "ನೀವು ಕೋಟು ಹಾಕ್ಕೊಂಡು ಹೋಗ್ರಿ. ಮದವಿ ಮಾಡಸಾಕ ಹೊಂಟೀರಿ, ಹಂಗ ಹೋಗಬಾರ್ದು."

ಷಾರ್ಲೆಟ್‌ನ ಕಂಪನಿ ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೆ ಹರಿಪ್ರಸಾದ ಫೋರ್ಟ್ ಮಿಲ್‌ನಲ್ಲಿ ಓಡಾಡುವ ನೋಟರಿಯಾಗಿದ್ದ. ಕರೆದವರ ಮನೆಗೇ ಹೋಗಿ ಕಾಗದಕ್ಕೆ ಸಹಿ, ಸೀಲು ಹಾಕಿ ಬರುವುದು ಅವನ ಕೆಲಸ. ಸೌತ್ ಕೆರೊಲಿನಾದಲ್ಲಿ ನೋಟರಿಗೆ ಮದುವೆ ಮಾಡಿಸುವ ಅಧಿಕಾರವೂ ಉಂಟು, ಹಾಗಾಗಿ ಅವಸರದ ಜೋಡಿಗಳಿಗೆ ಪುರೋಹಿತನೂ ಅವನೇ. ಅತ್ತೆ ಬಂದ ಹೊಸದರಲ್ಲಿ "ಶಿಕ್ಕಾ ಹೊಡಿಯೋದೂ ಒಂದು ಉದ್ಯೋಗ ಏನ?" ಎಂದು ಮಗಳ ಮುಂದೆ ಅಂದದ್ದು ಇವನ ಕಿವಿಗೂ ಬಿದ್ದಿತ್ತು. ಅದೇ ಅತ್ತೆ ಇವತ್ತು ಆ ಸೀಲಿಗೆ ಹೂ ಏರಿಸಿದ್ದಾರೆ. ಅವನಿಗೆ ಕಣ್ಣು ತುಂಬಿ ಬಂತು. ಆದರೆ ಸೀಲು ಬಿಟ್ಟು ಹೋಗುವ ಹಾಗಿರಲಿಲ್ಲ.

ಏಕೆಂದರೆ ಮಧ್ಯಾಹ್ನ ಚಿರಂತನ್ ಮತ್ತು ರಚನಾರ ಮದುವೆ. ಮೈಸೂರಿನ ಛತ್ರದ ಮದುವೆ ಡಿಸೆಂಬರಿಗೆ ಇತ್ತು, ಅಷ್ಟರಲ್ಲಿ ರಚನಾಳ ಕೆಲಸ ಹೋಗಿ ವೀಸಾ ಮುಗಿಯುವುದಕ್ಕೆ ಬಂದಿತ್ತು. ಇವತ್ತು ಇಲ್ಲೇ ಮದುವೆಯಾಗಿ, ನೋಟರಿ ಸೀಲು ಬಿದ್ದ ಒಂದು ಅಫಿಡವಿಟ್ ಸಂಜೆ ಐದರೊಳಗೆ ಲಾಯರಿಗೆ ತಲುಪಿದರೆ ಗಂಡನ ವೀಸಾದ ಮೇಲೆ ಹುಡುಗಿ ಇಲ್ಲೇ ಉಳಿದಳು. ಇಲ್ಲದಿದ್ದರೆ ಒಬ್ಬಳೇ ವಿಮಾನ ಹತ್ತಬೇಕು.

"ಡ್ಯಾಡ್, ನನ್ನ ಔಲ್ ಕಾಣ್ತಿಲ್ಲ! ಹ್ಯಾವ್ ಯು ಸೀನ್ ಇಟ್?" ಮಗಳು ಶ್ರಾವಣಿ ಸ್ಕೂಲ್ ಬಸ್ಸಿಗೆ ಓಡುತ್ತ ಕೂಗಿದಳು. ಅವಳ ಗೊಂಬೆ ಹುಡುಕುವ ಪುರುಸೊತ್ತು ಯಾರಿಗಿತ್ತು? ಹೆಂಡತಿ ಹರಿಣಿ ಆಫೀಸಿಗೆ ಹೋಗಿಯಾಗಿತ್ತು. ಅತ್ತೆಗೆ ಎದುರಾಡುವ ಧೈರ್ಯ ಈ ಮನೆಯಲ್ಲಿ ಇದ್ದದ್ದು ಅವಳೊಬ್ಬಳಿಗೇ.

ಹೊರಡುವ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು. ಅತ್ತೆ ಎದ್ದು ಹೋದರು. ಹರಿಪ್ರಸಾದ ದೇವಿಗೆ ಮನಸ್ಸಿನಲ್ಲೇ ಕೈಮುಗಿದು, ಸೀಲನ್ನು ಎತ್ತಿ ಪ್ಯಾಂಟಿನ ಜೇಬಿಗೆ ತುರುಕಿ, ಆ ಜಾಗದಲ್ಲಿ ಸ್ಟೇಪ್ಲರ್ ಇಟ್ಟು ಸೇವಂತಿಗೆ ಮುಚ್ಚಿದ. ತಿರುಗಿದರೆ ಪಕ್ಕದ ಮನೆಯ ಊರ್ಮಿಳಾ ಆಂಟಿ, ಕೈಯಲ್ಲಿ ಕೋಸಂಬರಿ ಡಬ್ಬಿ.

"ಏನ್ ಹರಿ, ಯಾಕಿಷ್ಟು ಬೆವರ್ತಿದೀಯ? ಯಾರ್ದು ಮದ್ವೆ? ಮನೇಲಿ ಒಪ್ಪಿದಾರಾ? ಜೇಬಲ್ಲೇನದು ಅಷ್ಟು ದಪ್ಪ?"

"ಫೋನು ಆಂಟಿ."

"ಫೋನ್ ಕೈಯಲ್ಲಿದೆಯಲ್ಲೋ!"

"ಇನ್ನೊಂದು..."

"ಕೋಟು! ಕೋಟು ಬಿಟ್ಟು ಹೋಗಬ್ಯಾಡ್ರಿ!" ಎಂದು ಅತ್ತೆ ಬೆನ್ನಟ್ಟಿ ಬಂದು ಕೊಟ್ಟರು. ಹರಿಪ್ರಸಾದ ಅದನ್ನು ತೊಡುವಷ್ಟು ಹೊತ್ತೂ ನಿಲ್ಲದೆ, ಜೇಬಿಗೆ ಅಡ್ಡ ಹಿಡಿದು ಕಾರಿನತ್ತ ಓಡಿದ. ಕಳ್ಳತನ ಮುಚ್ಚುವುದಕ್ಕೆ ಕೋಟೇ ಒದಗಿತಲ್ಲ ಎಂದು ಸಮಾಧಾನಪಟ್ಟ.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ರಚನಾ ರೇಷ್ಮೆ ಸೀರೆಯುಟ್ಟು ನಿಂತಿದ್ದಳು. ಚಿರಂತನ್ ಟೀ ಶರ್ಟಿನಲ್ಲಿದ್ದ. ಮೈಸೂರಿನಿಂದ ವಿಡಿಯೋದಲ್ಲಿ ನೋಡುತ್ತಿದ್ದ ಅವನ ತಾಯಿ ಅಳುವುದಕ್ಕೇ ಶುರುಮಾಡಿದರು. "ನನ್ನ ಮಗ ಬನೀನಲ್ಲಿ ಮದ್ವೆ ಆಗ್ತಿದಾನಲ್ಲಪ್ಪ!"

ಹರಿಪ್ರಸಾದನಿಗೆ ಕರುಳು ಚುರ್ ಎಂದಿತು. ತನ್ನ ಕೋಟನ್ನೇ ಹುಡುಗನಿಗೆ ತೊಡಿಸಿದ. ಹುಡುಗನ ಗೆಳೆಯ ಪವನ ಫೋಟೋ ತೆಗೆಯುತ್ತ, "ಭುಜ ನೆಟ್ಟಗೆ ಮಾಡೋ" ಎಂದ.

"ಅಂಕಲ್ ಕೋಟು ಒಂದ್ ಕಡೆ ವಾಲುತ್ತೆ ಕಣೋ" ಎಂದ ಚಿರಂತನ್.

ಇಂಟರ್‌ವ್ಯೂಗಳಿಗೆ ಹಾಕಿ ಹಾಕಿ ಹಾಗಾಗಿರಬೇಕು ಎಂದುಕೊಂಡು ಹರಿಪ್ರಸಾದ ಮದುವೆ ಮಾಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಡೆ, ಫೋಟೋ, ಮೈಸೂರಿನವರ ಆಶೀರ್ವಾದ ಮುಗಿಯುವಷ್ಟರಲ್ಲಿ ನಾಲ್ಕು ದಾಟಿತ್ತು. ಆಮೇಲೆ ಅಫಿಡವಿಟ್. ಸಹಿಗಳಾದವು. ಹರಿಪ್ರಸಾದ ಜೇಬಿನಿಂದ ಸೀಲು ತೆಗೆದು, ಕುಂಕುಮ ಒರೆಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಎತ್ತಿದ.

ಕಾಗದದ ಮೇಲೆ ಕನ್ನಡಕ ಹಾಕಿಕೊಂಡ ಗೂಬೆಯೊಂದು ನಗುತ್ತಿತ್ತು. ಅದರ ಕೆಳಗೆ 'ಗ್ರೇಟ್ ಜಾಬ್!' ಎಂದಿತ್ತು.

ರಚನಾ ಗೂಬೆಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು. "ಅಂಕಲ್, ನಾನು ಹೋಗ್ಬೇಕಾಗತ್ತಾ?" ಎಂದು ಕೇಳಿದಳು.

ಹರಿಪ್ರಸಾದ ಸೀಲನ್ನು ತಿರುಗಿಸಿ ನೋಡಿದ. ಅಪ್ಪನದಂಥದೇ ಸೀಲು ಬೇಕೆಂದು ಶ್ರಾವಣಿ ಹಟ ಹಿಡಿದಾಗ ತಾನೇ ಕೊಡಿಸಿದ ಆಟದ ಸೀಲು ಅದು. ಹಾಗಾದರೆ ಅಸಲಿ ಎಲ್ಲಿ? ಅತ್ತೆಗೆ ಫೋನು ಮಾಡಿದ. ಅವಸರದಲ್ಲಿ ಬೆರಳು ತಗುಲಿ ಸ್ಪೀಕರ್ ಆನ್ ಆಯಿತು.

"ಅತ್ತೆ, ತಪ್ಪಾಯ್ತು. ದೇವರ ಮುಂದಿಂದ ಸೀಲು ಕದ್ದೆ. ಬದಲಿಗೆ ಸ್ಟೇಪ್ಲರ್ ಇಟ್ಟೆ. ದೇವಿ ನನ್ನ ಸೀಲನ್ನ ಗೂಬೆ ಮಾಡ್ಬಿಟ್ಟಳು!"

"ಅಯ್ಯಯ್ಯೋ, ಸ್ಟೇಪ್ಲರ್‌ಗಾ ನಾನು ಆರತಿ ಎತ್ತಿದ್ದು?" ಎಂದು ಊರ್ಮಿಳಾ ಆಂಟಿಯ ದನಿ ಹಿಂದಿನಿಂದ ಕೇಳಿತು. "ಫೋಟೋ ಬೇರೆ ಕನ್ನಡ ಗ್ರೂಪಿಗೆ ಹಾಕಿದೀನಿ!"

ಅತ್ತೆ "ಕೋಟು ಹಾಕ್ಕೊಂಡು ಹೋಗ್ರಿ ಅಂತ ಎಷ್ಟು ಸಲ ಬಡ್ಕೊಂಡೆ ನಾ?" ಎಂದರು. "ನಿಮ್ಮ ಶಿಕ್ಕಾ ಅದರ ಒಳಕಿಸೇದಾಗ ಐತಿ. ಹುಡುಗೀ ಮದವಿ ನಿಂದರಬಾರ್ದು, ನಿಮ್ಮ ದುಡಿಮೀನೂ ನಿಂದರಬಾರ್ದು ಅಂತ ಶ್ರಾವಣಿ ಗೂಗೀನ ಪೂಜಿಗೆ ಇಟ್ಟಿದ್ದೆ. ಅದನ್ನ ದೇವಿ ಎದುರಿಗೆ ನಿಂತು ಹೆಂಗ ಬಾಯಿಬಿಟ್ಟು ಹೇಳ್ಲಿ?"

ಎಲ್ಲರೂ ಮದುಮಗನ ಕಡೆ ತಿರುಗಿದರು. ಚಿರಂತನ್ ಒಳಜೇಬಿಗೆ ಕೈಹಾಕಿ ಸೀಲು ತೆಗೆದ. "ಅದಕ್ಕೇ ವಾಲ್ತಿತ್ತು!"

ಪವನ ಓಡಿಹೋಗಿ ಹೊಸ ಪ್ರತಿ ಪ್ರಿಂಟ್ ಮಾಡಿಸಿ ತಂದ. ಮತ್ತೆ ಸಹಿ, ಈ ಸಲ ಅಸಲಿ ಸೀಲು, ಕೂಡಲೇ ಸ್ಕ್ಯಾನ್ ಮಾಡಿ ಲಾಯರಿಗೆ ಇಮೇಲ್. ಐದಕ್ಕೆ ಸ್ವಲ್ಪ ಮುಂಚೆ ಲಾಯರಿನಿಂದ 'ಬಂತು' ಎಂದು ಉತ್ತರ ಬಂದಾಗ ರಚನಾ ಅಲ್ಲೇ ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಕೋಟು ವಾಪಸು ತೆಗೆದುಕೊಂಡು ಹರಿಪ್ರಸಾದ ದಾರಿಯುದ್ದಕ್ಕೂ ಅತ್ತೆಯನ್ನೇ ನೆನೆದ. ತನಗಾಗಿ ದೇವಿಗೇ ಮೋಸ ಮಾಡಿದ ಹೆಂಗಸಿನ ಬೆನ್ನ ಹಿಂದೆ ತಾನು ಕಳ್ಳತನ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಮನೆಯಲ್ಲಿ ಅತ್ತೆ ಕೈಚಾಚಿ ನಿಂತಿದ್ದರು. "ತರ್ರಿ ಇಲ್ಲೆ ಶಿಕ್ಕಾ. ಆ ಕೋಟೂ ಕೊಡ್ರಿ."

ಎರಡನ್ನೂ ಕೊಟ್ಟ.

"ದೇವೀಗೆ ಮೊದ್ಲ ನಾ ಮೋಸ ಮಾಡ್ದೆ, ಆಮ್ಯಾಲ ನೀವು ಮಾಡಿದ್ರಿ. ಇಬ್ರದೂ ತೀರಬೇಕಂದ್ರ ಇದು ದೀಪಾವಳಿ ತನಕ ಇಲ್ಲೇ ಕುಂದರಬೇಕು."

"ದೀಪಾವಳಿನಾ! ಅತ್ತೆ, ನಾಳೆ ವಿಜಯದಶಮಿ, ಒಳ್ಳೇ ದಿನ ಅಂತ ಬೆಳಗ್ಗೆಯಿಂದ ಸಾಯಂಕಾಲದವರೆಗೂ ಬುಕ್ ಆಗಿದೀನಿ!"

ಅತ್ತೆ ಅಸಲಿ ಸೀಲನ್ನು ಮಿಕ್ಸಿಯ ಪಕ್ಕ ಕೂರಿಸಿ ಕುಂಕುಮ ಹಚ್ಚಿದರು. ಅವನ ಕೋಟುಗಳನ್ನೆಲ್ಲ ತೊಡೆಯ ಮೇಲೆ ರಾಶಿ ಹಾಕಿಕೊಂಡು, ಸೀಲಿನ ಎದುರಿಗೇ ಕುರ್ಚಿ ಎಳೆದು ಕೂತು, ತಲೆ ಬಗ್ಗಿಸಿ ಏನೋ ಮಾಡತೊಡಗಿದರು. ಹರಿಪ್ರಸಾದ ಅಡುಗೆಮನೆಗೂ ಹಾಲಿಗೂ ನಾಲ್ಕಾರು ಸಲ ತಿರುಗಿದ. ಬೆಳಗ್ಗೆ ಕರಗಿದ ಮನಸ್ಸು ಸಂಜೆಯೂ ಕರಗದಿರುತ್ತದೆಯೇ? ಕೊನೆಗೆ ಆಸೆಯಿಂದ, ಬಲು ಮೆತ್ತಗೆ ಕೇಳಿದ:

"ಅತ್ತೆ, ನಾಳೆ ಯಾವ ಕೋಟು ಹಾಕ್ಕೊಂಡ್ ಹೋಗ್ಲಿ?"

"ಯಾವುದರ ಹಾಕ್ಕೋರಿ" ಎಂದರು ಅತ್ತೆ, ಹಲ್ಲಿನಲ್ಲಿ ದಾರ ಕಡಿಯುತ್ತ. "ಎಲ್ಲಾದರ ಕಿಸೇನೂ ಹೊಲದೇನಿ. ಮಿಷನ್ ಪೂಜಿಗೆ ಕುಂತೈತಿ, ಅದಕ್ಕ ಕೈಯಾಗ ಹೊಲದೆ."