ಕಾರಿಗೆ ಹಾಸಿದ ಚಾಪೆ

ನಮ್ಮ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದೇ ಜಾಗ. ಕಾರಿನ ಶೆಡ್ಡು. ಪಡಸಾಲೆ ಟಿ.ವಿ.ಯದು, ಅಡುಗೆಮನೆ ಹೆಂಡತಿಯದು, ದೇವರಮನೆ ಅವ್ವನದು, ಮಲಗುವ ಕೋಣೆ ಮಡಚದೆ ಬಿದ್ದ ಬಟ್ಟೆಗಳದು. (ಬಚ್ಚಲುಮನೆ ಕೆಲವು ಕಾಲ ನನ್ನದಾಗಿತ್ತು. ಹೊರಗಿನಿಂದ ಬಾಗಿಲು ಬಡಿಯುವುದು ವಿಪರೀತವಾದ ಮೇಲೆ ಆ ಹಕ್ಕನ್ನೂ ತ್ಯಜಿಸಿದೆ.) ಶೆಡ್ಡಿಗೆ ತಗಡಿನ ಮಾಡು, ಮೂರು ಕಡೆ ಗೋಡೆ, ನಡುವೆ ನನ್ನ ಬಿಳಿ ಕಾರು. ಭಾನುವಾರ ಕಾರು ಒರೆಸುವ ನೆಪದಲ್ಲಿ ಅದರೊಳಗೆ ಕುಳಿತು, ಗಾಜು ಏರಿಸಿ, ಪೇಪರ್ ಓದುತ್ತಿದ್ದೆ. ಮನೆಯ ಕಾರುಬಾರಿನಲ್ಲಿ ಬಾರೆಲ್ಲ ಅವರದಾದರೂ ಕಾರು ನನ್ನದಲ್ಲವೇ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಈಗ ಅದೂ ಇಲ್ಲ. ಕಿತ್ತುಕೊಂಡರು ಎಂದು ದೂರೋಣವೆಂದರೆ ಅದಕ್ಕೂ ಅವಕಾಶವಿಲ್ಲ. ಕೈಯಾರೆ ಹಾಸಿ ಕೊಟ್ಟವನು ನಾನೇ.

ಕೊಟ್ಟೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ವಾರಕ್ಕೆರಡು ದಿನ ಕನ್ನಡಕದ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಹಡಗಲಿ, ಮಾಗಳದ ಕಡೆ ಹೋಗಿ ಬರುತ್ತೇನೆ. ಊರೂರಿನವರ ದೃಷ್ಟಿ ಸರಿಮಾಡುವ ಈ ಮನುಷ್ಯನಿಗೆ ತನ್ನ ಮೂಗಿನ ಮುಂದಿನದು ಕಾಣಲಿಲ್ಲ ಎಂಬುದೇ ಈ ವೃತ್ತಾಂತದ ಸಾರ.

ಮೊದಲಾದದ್ದು ಹೀಗೆ. ಒಂದು ಬೆಳಿಗ್ಗೆ ನನ್ನ ಹೆಂಡತಿ ಶಿವಲೀಲಾ ಬಾಗಿಲ ಚೌಕಟ್ಟು ಹಿಡಿದು, ಒಂದು ಕಾಲೆತ್ತಿ, ಅಂಗಾಲನ್ನು ನನ್ನ ಮುಖದ ನೇರಕ್ಕೆ ತೋರಿಸಿದಳು.

"ನೋಡ್ರಿ. ನಲ್ಲಿಗೆ ಹೋಗಿ ಬರಾಕ ಒಂದ ಸಲ ನಿಮ್ಮ ಶೆಡ್ಡು ದಾಟೀನಿ. ನಿಮ್ಮ ಕಾರು ಎಣ್ಣಿ ಉಗುಳ್ತೈತಿ, ಗಾಲಿ ಕೆಂಪುಮಣ್ಣು ತರ್ತಾವ, ನಾನು ಮನಿ ತುಂಬ ಒರೆಸ್ಕೊಂತ ಅಡ್ಡಾಡ್ಬೇಕು. ಹಿಂಗ ಆದ್ರ ಕಾರು ಹೊರಗ ಹಾಕ್ತೀನಿ, ಶೆಡ್ಡು ನಾನು ತಗೋತೀನಿ."

"ತಗೊಂಡು ಏನ್ ಮಾಡ್ತಿ?"

"ಬ್ಯಾಸಿಗಿ ಬಂತು. ಶಾವಿಗಿ ಮಾಡಾಕ ಜಾಗ ಎಲ್ಲೈತಿ? ಪಡಸಾಲ್ಯಾಗ ಫ್ಯಾನ್ ಹಾಕಿದ್ರ ಶಾವಿಗಿ ಹಾರ್ತಾವ, ಆರಿಸಿದ್ರ ನಿಮ್ಮವ್ವ ಹಾರ್ತಾರ. ಶೆಡ್ಡು ಹೊಲಸೈತಿ ಅಂತ ಬಿಟ್ಟೀನಿ ನೋಡ್ರಿ, ನಿಮ್ಮ ಮ್ಯಾಲಿನ ಪ್ರೀತಿಗಲ್ಲ."

"ಸ್ವಚ್ಛ ಮಾಡಿಸಿದ್ರ?"

"ಮಾಡಸ್ರಿ. ಆಮ್ಯಾಲೆ ಕಾರಿನ ಸುದ್ದಿಗೆ ನಾನು ತುಟಿ ಪಿಟಕ್ ಅನ್ನಂಗಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ ಯಾವ ಹೆಂಗಸೂ ಒಂಟಿಯಾಗಿ ಮಾಡುವುದಿಲ್ಲ. ಮುಯ್ಯಿ ಪದ್ಧತಿ. ಇವತ್ತು ಅವರ ಮನೆಯದಕ್ಕೆ ಇವರು, ನಾಳೆ ಇವರ ಮನೆಯದಕ್ಕೆ ಅವರು. ಯುಗಾದಿಯಿಂದ ಮುಂಗಾರಿನ ತನಕ ಈ ಸೈನ್ಯ ನೆರಳಿರುವ, ನೆಲ ನುಣುಪಾಗಿರುವ ಜಾಗ ಹುಡುಕಿಕೊಂಡು ಮನೆಯಿಂದ ಮನೆಗೆ ದಂಡೆತ್ತಿ ಹೋಗುತ್ತದೆ. ಇಷ್ಟು ವರ್ಷ ನನ್ನ ಶೆಡ್ಡನ್ನು ಕಾಪಾಡಿದ್ದು ಅದರ ಹೊಲಸು. ಕೋಟೆಗೆ ಕಂದಕವಿದ್ದಂತೆ ನನಗೆ ಎಣ್ಣೆಯ ಕಲೆ. ಇದು ನನಗೆ ಈಗ ಹೊಳೆಯುತ್ತಿದೆ.

ಆಗ ಹೊಳೆದದ್ದು ಬೇರೆ. ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಸುರುಳಿ ಸುತ್ತಿದ ವಿನೈಲ್ ಮ್ಯಾಟನ್ನು ಕಾರಿನ ಶೆಡ್ಡಿನಲ್ಲಿಟ್ಟು ಕಾಲಿನಿಂದ ಹಗುರಾಗಿ ಒದ್ದ. ಅದು ರಾಜಮಾರ್ಗದಂತೆ ಬಿಚ್ಚಿಕೊಂಡು ಹೋಯಿತು. ಕಾರು ಗಂಭೀರವಾಗಿ ಅದರ ಮೇಲೇರಿ ನಿಂತಿತು. ಅವನ ಹೆಂಡತಿ ನಗುತ್ತ ಬಂದು ಕಾಫಿ ಕೊಟ್ಟಳು. (ಇಷ್ಟು ಸಾಕಿತ್ತು, ಇದು ನಿಜಜೀವನದ ಚಿತ್ರಣವಲ್ಲವೆಂದು ತಿಳಿಯಲು.) ಮರುದಿನವೇ ಹಗರಿಬೊಮ್ಮನಹಳ್ಳಿಯ ಕಾಂತೇಶನ ಮ್ಯಾಟಿನ ಅಂಗಡಿಯಲ್ಲಿ ನಿಂತಿದ್ದೆ.

"ಮನಿ ಒಳಗ ಹಾಸಾಕೇನ್ರಿ?" ಎಂದ ಕಾಂತೇಶ.

"ಇಲ್ಲ, ಕಾರಿಗೆ."

"ಕಾರಿನ ಒಳಗ?"

"ಕಾರಿನ ಕೆಳಗ!"

ಕಾಂತೇಶ ನನ್ನನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ, ಆಳೆತ್ತರದ ಸುರುಳಿಯನ್ನು ಹೊತ್ತು ತಂದ. ಧೂಳಾಗದಿರಲಿ ಎಂದು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಗ್ಗ ಬಿಗಿದು, ಕಾರಿನ ನೆತ್ತಿಯ ಮೇಲೆ ಮಲಗಿಸಿದ. ಬಿಸಿಲಿಗೆ ಮೆತ್ತಗಾಗಿ ಬಾಗೀತೆಂದು ನಾನು ನಿಧಾನವಾಗಿ ಹೊರಟೆ. ಕೋಗಳಿಯ ಹತ್ತಿರ ಚಹಾದಂಗಡಿಯ ಮುಂದೆ ಕುಳಿತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಹಿರಿಯರು ತಲೆಯ ಟವೆಲ್ ತೆಗೆದು ಕೈಮುಗಿದರು. ಕನ್ನಡಕ ಮಾರಿ ಮಾರಿ ಎಂಥ ಗೌರವ ಸಂಪಾದಿಸಿದ್ದೇನೆ ಎಂದು ನಾನೂ ಗಾಜಿಳಿಸಿ, ಹಲ್ಲು ಬಿಟ್ಟು, ಕೈಬೀಸಿದೆ. ಅವರು ಮುಖ ಮುಖ ನೋಡಿಕೊಂಡರು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿ ಗೇಟಿನಲ್ಲಿ ನಿಂತಿದ್ದರು. ಪಕ್ಕದ ಮನೆಯ ಗೀತಮ್ಮನ ಕಣ್ಣಲ್ಲಿ ಆಗಲೇ ನೀರು.

"ಯಾರ್ ಹೋದ್ರಪ್ಪ ಸಿದ್ದಲಿಂಗ?"

"ಯಾರೂ ಹೋಗಿಲ್ಲ ಗೀತಕ್ಕ, ಮ್ಯಾಟ್ ಬಂದೈತಿ!"

ಅಳಲು ಬಂದವರು ಹಾಗೇ ಹೋಗಲಾದೀತೆ? ಎಲ್ಲರೂ ಸೇರಿ ಸುರುಳಿ ಇಳಿಸಿ, ಪ್ಲಾಸ್ಟಿಕ್ ಬಿಚ್ಚಿ, ಮುಟ್ಟಿ, ಸವರಿ, ಉಗುರಿನಿಂದ ಕೆರೆದು ನೋಡಿದರು. "ಎಷ್ಟು ನುಣುಪೈತಿ ಯವ್ವಾ" ಎಂದು ಗೀತಮ್ಮ ಕಣ್ಣೀರೊರೆಸಿಕೊಂಡಳು. ಆ ದನಿಯಲ್ಲಿ ದುಃಖ ಪೂರ್ತಿ ಆರಿ, ಬೇರೇನೋ ಚಿಗುರುತ್ತಿತ್ತು. ನಾನು ಅದನ್ನು ಮೆಚ್ಚುಗೆ ಎಂದು ಭಾವಿಸಿದೆ.

ಶೆಡ್ಡಿನಲ್ಲಿಟ್ಟು ಗಡ್ಡದವನಂತೆಯೇ ಒದ್ದೆ. ಮ್ಯಾಟು ಕದಲಲಿಲ್ಲ, ಕಾಲ್ಬೆರಳು ಉಳುಕಿತು. ಕೈಯಿಂದ ಬಿಡಿಸಿದರೆ ಅತ್ತ ಬಿಟ್ಟ ತುದಿ ಸರಕ್ಕನೆ ಸುತ್ತಿಕೊಂಡು ಓಡಿ ಬಂದು ನನ್ನನ್ನೇ ಒಳಗೆ ತೆಗೆದುಕೊಂಡಿತು. ದೋಸೆಯೊಳಗಿನ ಪಲ್ಯದಂತೆ ನನ್ನನ್ನು ಹೊರಗೆಳೆದವಳು ಶಿವಲೀಲಾ. ಮ್ಯಾಟಿನ ಜೊತೆ ಇಂಗ್ಲಿಷಿನ ಒಂದು ಚೀಟಿ ಬಂದಿತ್ತು. ಬಳ್ಳಾರಿ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆರಳ ಗಿಣ್ಣಿಗೆ ಹೊಡೆಸಿಕೊಂಡು ಕಲಿತ ಇಂಗ್ಲಿಷ್ ಇನ್ಯಾವಾಗ ಉಪಯೋಗಕ್ಕೆ ಬರಬೇಕು? ಮೊದಲು ಮೂಲದಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಪ್ರವಚನ ಮಾಡಿದೆ: "ಮೂಲೆಗಳ ಮೇಲೆ ಭಾರ ಇಡತಕ್ಕದ್ದು. ನಾಲ್ಕು ದಿನ ವಾಹನ ಏರಿಸಕೂಡದು."

"ನಾಕು ದಿನ ಕಾರು ಬರಂಗಿಲ್ಲಂತೇನು?" ಎಂದಳು ಶಿವಲೀಲಾ.

"ಬರೋ ಹಂಗಿಲ್ಲ" ಎಂದೆ, ಠೀವಿಯಿಂದ.

ಭಾರಕ್ಕೆ ಏನಿಡುವುದು? ಒಂದು ಮೂಲೆಗೆ ಅಕ್ಕಿ ಚೀಲ, ಇನ್ನೊಂದಕ್ಕೆ ಗೋಧಿ ಚೀಲ, ಮೂರನೆಯದಕ್ಕೆ ರುಬ್ಬುಗುಂಡು. ನಾಲ್ಕನೆಯದಕ್ಕೆ ಏನೂ ಸಿಗದೆ ಅವ್ವನ ಕೈಹಿಡಿದು ಕರೆತಂದು ಕುರ್ಚಿ ಹಾಕಿ ಕೂರಿಸಿದೆ. ಎಲ್ಲವನ್ನೂ ನಾನೇ ಹೊತ್ತು ತಂದೆ. ಶತ್ರುವಿಗೆ ಬಾಗಿಲು ತೆರೆದುಕೊಟ್ಟ ದೊರೆಗಳಿದ್ದಾರು. ದವಸ, ರುಬ್ಬುಗುಂಡು, ಸೇನಾಪತಿ ಸಮೇತ ಹೊತ್ತು ತಂದು ಒಳಗಿಟ್ಟವನು ನಾನೊಬ್ಬನೇ.

ಅವ್ವ ಕುಳಿತಳೆಂದ ಮೇಲೆ ಮಾತಿಗೆ ಗೀತಮ್ಮ ಬಂದಳು. ಗೀತಮ್ಮ ಬಂದಳೆಂದ ಮೇಲೆ ಕೈ ಸುಮ್ಮನಿರಬಾರದೆಂದು ಹಪ್ಪಳದ ಹಿಟ್ಟು ಬಂತು. ಎರಡನೆಯ ದಿನ ಹಗ್ಗ ಕಟ್ಟಿ ಶಾವಿಗೆ ಜೋತುಬಿಟ್ಟರು. ಮೂರನೆಯ ದಿನ ಅಂಗಡಿಯಿಂದ ಬಂದು ನೋಡುತ್ತೇನೆ, ಶೆಡ್ಡಿನ ಮುಂದೆ ಹನ್ನೊಂದು ಜೊತೆ ಚಪ್ಪಲಿ! ಚಪ್ಪಲಿ ಹೊರಗೆ ಕಳಚಿ ಕಾಲಿಡುವಷ್ಟು ಮರ್ಯಾದೆ ನನ್ನ ಮ್ಯಾಟಿಗೆ ಬಂದಿದೆಯಲ್ಲ ಎಂದು ಎದೆಯುಬ್ಬಿತು. ಅದು ಉಬ್ಬಿದ್ದು ಅದೇ ಕೊನೆ.

ನಾಲ್ಕು ದಿನ ಕಳೆದವು. ಐದನೆಯ ಬೆಳಿಗ್ಗೆ ಕಾರು ಶುರುಮಾಡಿ ಶೆಡ್ಡಿನ ಕಡೆ ತಿರುಗಿಸಿದೆ. ಅವ್ವ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಲೇ ತಮ್ಮಾ, ಎಲ್ಲಿಗಿ?"

"ಒಳಗ, ಅವ್ವ. ಕಾರು ನಿಲ್ಲಿಸಾಕ."

"ಊಟದ ವಸ್ತು ಮಾಡೋ ಜಾಗದಾಗ? ಆ ಗಾಲಿ ಎಲ್ಲೆಲ್ಲಿ ತುಳಿದು ಬಂದಾವೋ ಯಾರು ಬಲ್ಲರು! ನಿನ್ನಿ ಮಾಗಳಕ್ಕ ಹೋಗಿದ್ದಿ, ದಾರಿ ತುಂಬ ಕುರಿ ಹಿಂಡು. ನೀನಾದ್ರ ಚಪ್ಪಲಿ ಬಿಟ್ಟು ಒಳಗ ಬರ್ತಿ. ಕಾರಿಗೆ ಚಪ್ಪಲಿ ಬಿಡಾಕ ಬರ್ತೈತೇನು?"

ನಾಲ್ಕೂ ಗಾಲಿಗಳನ್ನು ಸೋಪು ಹಚ್ಚಿ ತೊಳೆದೆ. ಗೇಟಿನಿಂದ ಶೆಡ್ಡಿಗೆ ಬರುವ ಹತ್ತು ಹೆಜ್ಜೆಯಲ್ಲೇ ಒದ್ದೆ ಗಾಲಿಗೆ ಅಂಗಳದ ಕೆಂಪುಮಣ್ಣೆಲ್ಲ ಮೆತ್ತಿ, ಮೊದಲಿಗಿಂತ ಘನವಾಯಿತು. ಕೊನೆಗೆ ಹೆಂಡತಿಗೆ ಒಪ್ಪಂದ ನೆನಪಿಸಿದೆ.

"ಸ್ವಚ್ಛ ಮಾಡಿದ್ರ ಶೆಡ್ಡು ನಂದು ಅಂದಿದ್ದಿ."

"ಕಾರಿನ ಸುದ್ದಿಗೆ ಬರಂಗಿಲ್ಲ ಅಂದಿದ್ದೆ. ಬಂದೀನೇನು? ನಿಮ್ಮ ಕಾರು ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊಳ್ರಿ, ನಾನು ಕೇಳಂಗಿಲ್ಲ. ಇಷ್ಟು ಕಷ್ಟಪಟ್ಟು ಸ್ವಚ್ಛ ಮಾಡೀರಿ, ಅದನ್ನ ಉಳಿಸ್ಕೊಂಡು ಹೋಗೋದು ನನ್ನ ಧರ್ಮ."

ಹಾಸಿದವನು ನಾನು, ಹಾಸ್ಯಕ್ಕೀಡಾದವನೂ ನಾನು. ಪಿತ್ತ ನೆತ್ತಿಗೇರಿತು. ಶೆಡ್ಡಿಗಾಗಿ ಸೆಡ್ಡು ಹೊಡೆದೇಬಿಟ್ಟೆ. ಕಾರನ್ನು ಶೆಡ್ಡಿನ ಬಾಯಿಗೆ ಅಡ್ಡಲಾಗಿ, ಕೆಂಡದಂಥ ಬಿಸಿಲಿನಲ್ಲಿ ನಿಲ್ಲಿಸಿ, ಕೀಲಿಕೈ ಜೇಬಿಗಿಳಿಸಿ, ಇಡೀ ಓಣಿಗೆ ಕೇಳುವಂತೆ ಘೋಷಿಸಿದೆ: "ಶೆಡ್ಡು ಬಿಟ್ಟುಕೊಡೋತನಕ ಕಾರು ಇಲ್ಲಿಂದ ಕದಲಂಗಿಲ್ಲ. ಇದು ನನ್ನ ಪ್ರತಿಜ್ಞೆ!" ಒಬ್ಬರೂ ಒಳಗೆ ಕಾಲಿಡದಂತೆ ದಿಗ್ಬಂಧನ ಹಾಕಿದ ತೃಪ್ತಿಯಲ್ಲಿ ನಡೆದುಕೊಂಡೇ ಅಂಗಡಿಗೆ ಹೋದೆ. ಅವತ್ತು ಮೂವರಿಗೆ ಕಣ್ಣು ಪರೀಕ್ಷಿಸುವಾಗ ನನ್ನ ಧ್ವನಿಯೇ ಬೇರೆಯಾಗಿತ್ತು.

ಊಟಕ್ಕೆ ಬಂದಾಗ ಗೇಟಿನಲ್ಲೇ ನಿಂತುಬಿಟ್ಟೆ. ಕಾರು ಕಾಣಲಿಲ್ಲ. ಕಾರಿನ ಆಕಾರದ ಒಂದು ಬಿಳಿ ದಿಬ್ಬ ಕಾಣುತ್ತಿತ್ತು. ಬಾನೆಟ್ಟು, ನೆತ್ತಿ, ಹಿಂದಿನ ಡಿಕ್ಕಿ, ಎಲ್ಲದರ ಮೇಲೂ ಅಪ್ಪನ ಕಾಲದ ಹಳೆಯ ಪಂಚೆಗಳು. ಪಂಚೆಗಳ ಮೇಲೆ ಸಾಲುಸಾಲಾಗಿ ಸಂಡಿಗೆ.

ನಡೆದದ್ದು ಇಷ್ಟು. ಗೀತಮ್ಮ ಕಾರಿಗೂ ಗೋಡೆಗೂ ನಡುವೆ ನುಸುಳಲು ನೋಡಿದ್ದಾಳೆ. ಅವಳ ದೇಹಪ್ರಕೃತಿ ಅದಕ್ಕೆ ಒಪ್ಪದೆ ಬಾನೆಟ್ಟಿಗೆ ಕೈಯೂರಿದ್ದಾಳೆ. ಊರಿದ ಕೈ ಚುರ್ ಎಂದಿದೆ. "ಅಯ್ಯಯ್ಯೋ, ರೊಟ್ಟಿ ಹಂಚು ಆಗೈತಲ್ಲೇ!" ಎಂದು ಕೂಗಿದ್ದಾಳೆ. ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದಿದ್ದ ಅವ್ವ ಒಂದು ಕ್ಷಣ ಯೋಚಿಸಿದ್ದಾಳೆ. ಅಷ್ಟೇ.

"ಬರ್ರಿ, ಬರ್ರಿ" ಎಂದಳು ಶಿವಲೀಲಾ. ಮದುವೆಯಾದಾಗಿನಿಂದ ನನಗೆ ಆ ದನಿಯ ಸ್ವಾಗತ ಸಿಕ್ಕಿರಲಿಲ್ಲ. "ಮಾಳಿಗಿ ಮ್ಯಾಲೆ ಹಾಕಿದ್ರ ಮೂರು ದಿನ ಬೇಕಿತ್ತು, ಕಾಗಿ ಕಾಟ ಬ್ಯಾರೆ. ಇಲ್ಲಿ ನೋಡ್ರಿ, ಮುಂಜಾನಿ ಹಾಕಿದ್ದು ಆಗಲೇ ಗರಿಗರಿ ಅಂತಾವ!"

"ನಾಳೆ ನಾನು ಹಡಗಲಿಗೆ ಹೋಗ್ಬೇಕು. ಕಾರು ಬೇಕು" ಎಂದೆ.

"ಅದ್ಹೆಂಗ ಆಕ್ಕೈತ್ರಿ? ಶೆಡ್ಡು ಬಿಟ್ಟುಕೊಡೋತನಕ ಕದಲಂಗಿಲ್ಲ ಅಂತ ಪ್ರತಿಜ್ಞೆ ಮಾಡೀರಿ. ಓಣಿ ಮಂದಿಯೆಲ್ಲ ಕೇಳ್ಯಾರ."

"ಹಂಗಾದ್ರ ಶೆಡ್ಡು ಬಿಟ್ಟುಕೊಡು!"

"ಬಿಡಂಗಿಲ್ಲ" ಎಂದಳು, ಒಂದು ಸಂಡಿಗೆಯನ್ನು ಹಗುರಾಗಿ ಮಗುಚಿ ಹಾಕುತ್ತ. "ನಿಮ್ಮ ಮಾತು ನಾವು ನಡೆಸಿಕೊಡ್ತೀವಿ. ನಮ್ಮದು ಮುಗಿದ ಮ್ಯಾಲೆ ಗೀತಕ್ಕಂದು, ಅದಾದ ಮ್ಯಾಲೆ ಹಿಂದಿನ ಓಣ್ಯಾರದು ಐತಿ. ಕಾರಿಗೆ ಪಾಳಿ ಹಚ್ಯಾರ."

ಮರುದಿನ ಕನ್ನಡಕದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಡಗಲಿ ಬಸ್ಸಿನಲ್ಲಿ ಕುಳಿತೆ. ಮೈಲಾರಕ್ಕೆ ಹೊರಟಿದ್ದ ನನ್ನ ಹಳೆಯ ಗಿರಾಕಿ ಪಕ್ಕೀರಪ್ಪ, ನಾನೇ ಕೊಟ್ಟ ಕನ್ನಡಕವನ್ನು ಮೂಗಿನ ಮೇಲೇರಿಸಿ, ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದ.

"ಏನ್ರಿ ಸಿದ್ದಲಿಂಗಣ್ಣ, ಬಸ್ಸಿಗೆ ಬಂದೀರಿ! ಕಾರು ಎಲ್ಲೈತ್ರಿ?"

"ಒಣಗಾಕ ಹಾಕೀವಿ" ಎಂದು ಕಿಟಕಿಯ ಕಡೆ ತಿರುಗಿದೆ.