ಅಳಿಯನಿಗೆ ಉನ್ನಕ್ಕಾಯ ಶೇಕ್

ಮಿಕ್ಸಿ ತಿರುಗಿಸುವ ವಿದ್ಯೆಯಲ್ಲಿ ಮಂಗಳೂರಿನಿಂದ ಕಣ್ಣೂರಿನವರೆಗೆ ನನ್ನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಚರಿತ್ರೆ. ಶಾರ್ಜಾದ ಒಂದು ಕೆಫೆಟೀರಿಯಾದಲ್ಲಿ ಜ್ಯೂಸ್ ಕೌಂಟರಿನ ಹಿಂದೆ ನಿಂತು ಅರ್ಧ ಆಯುಷ್ಯ ಕಳೆದವನು ನಾನು. ನನ್ನ ಬೆಣ್ಣೆಹಣ್ಣಿನ ಜ್ಯೂಸಿಗಾಗಿ ಅರಬಿಗಳ ಕಾರುಗಳು ರಸ್ತೆಯ ತಿರುವಿನವರೆಗೆ ಸಾಲುಗಟ್ಟುತ್ತಿದ್ದವು. ಒಮ್ಮೆ ಯಾರದೋ ಒಂಟೆ ಬಾಲ್ದಿಯಲ್ಲಿ ಉಳಿದಿದ್ದ ಎರಡು ಗುಟುಕು ಕುಡಿದು, ಆಮೇಲೆ ಮರುಭೂಮಿಗೆ ವಾಪಸು ಹೋಗಲು ಒಪ್ಪದೆ ಅಂಗಡಿಯ ಬಾಗಿಲಲ್ಲೇ ಮಲಗಿಬಿಟ್ಟಿತು. (ನನ್ನ ಹೆಂಡತಿ ಬೀವಿ ಇದನ್ನು ನಂಬುವುದಿಲ್ಲ. ಅವಳು ಒಂಟೆಯನ್ನೇ ಕಂಡವಳಲ್ಲ; ಕಾಣದವರ ಸಾಕ್ಷ್ಯಕ್ಕೆ ಎಂತ ಬೆಲೆ?)

ಇಂಥ ನನ್ನ ಮನೆಯಲ್ಲಿ, ಕಾಸರಗೋಡಿನ ಪಕ್ಕದ ಈ ಮೊಗ್ರಾಲಿನಲ್ಲಿ, ಹೊಸ ಅಳಿಯ ಸೌತೆಕಾಯಿ ತಿಂದು ಕೈತೊಳೆಯುವ ಕಾಲ ಬಂತು.

ನಮ್ಮ ಕಡೆ ಮದುವೆಯಾದ ಮೇಲೆ ಮೊದಮೊದಲು ಹುಡುಗಿ ತವರಿನಲ್ಲೇ ಇರುತ್ತಾಳೆ. ಹುಡುಗನೇ ಇಲ್ಲಿಗೆ ಬಂದು ಹೋಗುತ್ತಾನೆ. ಅವನಿಗೆ ಪುದಿಯಾಪ್ಲ ಎಂದು ಹೆಸರು. ಹೆಸರಿಗೆ ಹೊಸ ಮದುಮಗ, ಕೆಲಸ ಮಾತ್ರ ತಿನ್ನುವುದು. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ನೂಲಿನಂತೆ ಎಳೆದ ಮುಟ್ಟಮಾಲ, ತುಪ್ಪದ ಅನ್ನ, ಕೋಳಿಯ ಹತ್ತು ಅವತಾರ. ಎಲ್ಲದಕ್ಕೂ ಕಿರೀಟವಾಗಿ ಉನ್ನಕ್ಕಾಯ. ಬೇಯಿಸಿ ಅರೆದ ನೇಂದ್ರ ಬಾಳೆಹಣ್ಣಿನೊಳಗೆ ತೆಂಗಿನತುರಿ, ಸಕ್ಕರೆ, ಗೇರುಬೀಜ, ಏಲಕ್ಕಿ ತುಂಬಿ, ಉದ್ದುದ್ದಕ್ಕೆ ಉರುಟಿ ತುಪ್ಪದಲ್ಲಿ ಕರಿಯುವ ಪದಾರ್ಥ ಅದು. ಬೀವಿ ಮಾಡಿದ ಉನ್ನಕ್ಕಾಯದ ವಾಸನೆಗೆ ಹೆದ್ದಾರಿಯ ಬಸ್ಸುಗಳು ಸ್ಟಾಪಿಲ್ಲದ ಕಡೆಯೂ ನಿಂತದ್ದುಂಟು. ಅಳಿಯ ಎಷ್ಟು ತಿಂದ ಎಂಬುದರ ಮೇಲೆ ಅತ್ತೆಯ ಕೀರ್ತಿ. ಅವನು ತಿನ್ನದಿದ್ದರೆ ಆ ಅಪಕೀರ್ತಿಯನ್ನು ತೊಳೆಯಲು ಮೊಗ್ರಾಲ್ ಹೊಳೆಯ ನೀರು ಸಾಲದು.

ನಮ್ಮ ಅಳಿಯ ಫಸಲ್ ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ಅಗಲವಾದ ಹುಡುಗ. ಮೊದಲ ಸತ್ಕಾರದ ದಿನ ನನ್ನ ಪಕ್ಕದಲ್ಲೇ ಕುಳಿತ. ನನಗೋ ಶುಗರ್ ಉಂಟು. ಬೀವಿಯ ರಾಜ್ಯದಲ್ಲಿ ನನಗೆ ಮಂಜೂರಾದದ್ದು ಬೇಯಿಸಿದ ಮೊಟ್ಟೆಯ ಬಿಳಿ, ಸೌತೆಕಾಯಿ, ಒಂದು ಒಣ ಚಪಾತಿ. ಆದರೆ ಹೊಸ ಅಳಿಯನ ಎದುರು ಮೊದಲ ದಿನವೇ "ನನಗೆ ಕಾಯಿಲೆ" ಎಂದು ಘೋಷಿಸುವುದು ಮಾವನ ಗಾಂಭೀರ್ಯಕ್ಕೆ ತಕ್ಕದ್ದೇ?

"ನೋಡು ಮೋನೆ," ಎಂದೆ ಸ್ವಂತ ಮಗನನ್ನು ಕರೆಯುವ ಹಾಗೆ, "ನಾನು ಸಿಹಿ, ಎಣ್ಣೆ ಮುಟ್ಟುವವನಲ್ಲ. ಬಾಡಿ ಇಟ್ಟುಕೊಳ್ಳಬೇಕಲ್ಲ? ನಾಲಿಗೆ ಹೇಳಿದ ಹಾಗೆ ಕೇಳುವವರನ್ನು ಕಂಡರೆ ನನಗೆ ಪಾಪ ಅನಿಸ್ತದೆ."

ಫಸಲ್ ಬಹಳ ಗೌರವದಿಂದ ತಲೆಯಾಡಿಸಿ, ನನ್ನ ತಟ್ಟೆಯ ಬದಿಯಿಂದ ಎರಡು ಹೋಳು ಸೌತೆಕಾಯಿ ತೆಗೆದುಕೊಂಡ. ಓದಿದ ಹುಡುಗ, ಅವನಿಗೂ ಡಯೆಟ್ ಇದ್ದೀತು ಎಂದುಕೊಂಡೆ. ಮುಂದಿನ ಸಲವೂ ಅಷ್ಟೆ, ಅದರ ಮುಂದಿನ ಸಲವೂ ಅಷ್ಟೆ. ಬೀವಿ ಮಗಳನ್ನು ಮೂಲೆಗೆ ಕರೆದು, "ಅವನಿಗೆ ಎಂತ ಇಷ್ಟ ಅಂತ ಕೇಳಿ ನೋಡು" ಎಂದರೆ, ಅಫೀಫಾ ಕೇಳಿ ಬಂದು, "ಮಾಮ ತಿನ್ನುವುದೇ ನನಗೂ ಸಾಕು ಅಂತಾರೆ ಉಮ್ಮಾ" ಎಂದಳು. ಇಷ್ಟು ಬೇಗ ಒಬ್ಬ ಶಿಷ್ಯ ಸಿಕ್ಕಿದನಲ್ಲಾ ಎಂದು ನನಗೆ ಎದೆ ಉಬ್ಬಿತು. ಬೀವಿಗೆ ಕಣ್ಣು ತುಂಬಿತು. ಪಕ್ಕದ ಮನೆಯವರು ಗೋಡೆಯ ಆಚೆಯಿಂದ "ಪುದಿಯಾಪ್ಲ ಎಂತ ತಿಂದ?" ಎಂದು ಕೇಳುತ್ತಾರೆಂದು ಹೆದರಿ ಅವಳು ಬಟ್ಟೆ ಒಣಗಿಸುವುದನ್ನೇ ಮನೆಯೊಳಗೆ ಮಾಡಿದಳು.

ಅಷ್ಟರಲ್ಲಿ ಫಸಲ್‌ನ ಉಮ್ಮನ ಫೋನು ಬಂತು. "ಹುಡುಗ ಸ್ವಲ್ಪ ಸಣ್ಣ ಆಗಿದ್ದಾನೆ. ಕೆಲಸ ಜಾಸ್ತಿಯೋ ಎಂತದೋ. ಈ ಶುಕ್ರವಾರ ಅವನ ಜೊತೆ ನಾನೂ ಬರ್ತೇನೆ."

ಬೀವಿ ಫೋನಿಟ್ಟು ಕುರ್ಚಿಗೆ ಒರಗಿದಳು. "ಕೇಳಿದಿರಾ? ಇದು ಬರುವ ಮಾತಲ್ಲ, ತಪಾಸಣೆಯ ಮಾತು. ಅವರ ಎದುರು ಅವನು ಸೌತೆಕಾಯಿ ಅಗಿದರೆ ನಾನು ಮುಖ ಎಲ್ಲಿಡುವುದು? ಒಂದು ಉನ್ನಕ್ಕಾಯ ತಿಂದರೆ ಸಾಕಿತ್ತು, ಒಂದೇ ಒಂದು!"

ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಈಗಿನ ಜಿಮ್ಮಿನ ಹುಡುಗರು ಕಡಿದು ತಿನ್ನುವುದಿಲ್ಲ, ಕಡೆದು ಕುಡಿಯುತ್ತಾರೆ.

"ಉನ್ನಕ್ಕಾಯವನ್ನು ಶೇಕ್ ಮಾಡುವ," ಎಂದೆ. "ಅದೇ ನೇಂದ್ರ, ಅದೇ ತೆಂಗಿನತುರಿ, ಅದೇ ಗೇರುಬೀಜ. ಸಕ್ಕರೆ ಬದಲು ಖರ್ಜೂರ. ತುಪ್ಪದ ಬದಲು ಪ್ರೋಟೀನ್ ಪುಡಿ. ಅಳಿಯನಿಗೆ ಬಾಡಿ, ನಿನಗೆ ಮರ್ಯಾದೆ!"

"ನಿಮ್ಮ ಕೈಯಲ್ಲಿ ಆಗ್ತದಾ?"

"ಬೀವಿ, ನೀನು ಮಾತಾಡುತ್ತಿರುವುದು ಯಾರ ಹತ್ತಿರ ಅಂತ ಗೊತ್ತುಂಟಾ?"

"ಗೊತ್ತುಂಟು. ಅದಕ್ಕೇ ಕೇಳಿದ್ದು."

ನಾಯ್ಮಾರ್ಮೂಲೆಯ ಒಂದು ಅಂಗಡಿಗೆ ಹೋಗಿ ಪ್ರೋಟೀನ್ ಪುಡಿಯ ಡಬ್ಬಿ ಕೇಳಿದೆ. ಅಂಗಡಿಯವನು ನನ್ನ ಹೊಟ್ಟೆಯನ್ನು ಪೂರ್ವದಿಂದ ಪಶ್ಚಿಮದವರೆಗೆ ನಿಧಾನವಾಗಿ ನೋಡಿ, "ಇನ್ನೂ ಬೆಳೆಸಲಿಕ್ಕಾ?" ಎಂದ. ನಾನು ಹೊಟ್ಟೆ ಒಳಗೆಳೆದುಕೊಂಡು ದುಡ್ಡು ಎಣಿಸಿಕೊಟ್ಟೆ. ಡಬ್ಬಿ ಮಗುವಿನ ತೊಟ್ಟಿಲಿನಷ್ಟು ದೊಡ್ಡದಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಪಕ್ಕದವರು ಅದಕ್ಕೂ ಟಿಕೆಟ್ ತೆಗೆದಿರಾ ಎಂದು ಕೇಳಿದರು.

ಶುಕ್ರವಾರ ಬೆಳಿಗ್ಗೆ ಅಡುಗೆಮನೆ ನನ್ನ ವಶವಾಯಿತು. ಬೀವಿ ಬಿರಿಯಾನಿಯ ಪಾತ್ರೆ ಹೊತ್ತು ಹಿತ್ತಿಲ ಒಲೆಗೆ ವಲಸೆ ಹೋದಳು. ಬೆಂದ ನೇಂದ್ರವನ್ನು ಬಿಸಿಬಿಸಿಯಾಗಿಯೇ ಮಿಕ್ಸಿಗೆ ತುಂಬಿ, ಮುಚ್ಚಳ ಹಾಕಿ, ಬಿಸ್ಮಿಲ್ಲಾ ಎಂದು ಗುಂಡಿ ತಿರುಗಿಸಿದೆ.

ಶಾರ್ಜಾದಲ್ಲಿ ನಾವು ಹಾಕುತ್ತಿದ್ದದ್ದೆಲ್ಲ ಐಸಿನಂಥ ಹಣ್ಣು. ಬಿಸಿಹಣ್ಣಿನ ಹಬೆಗೆ ಹೊರಗೆ ಹೋಗುವ ಆಸೆ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮುಚ್ಚಳ ರಾಕೆಟ್ಟಿನಂತೆ ಹಾರಿ ಫ್ಯಾನಿನ ರೆಕ್ಕೆಯಲ್ಲಿ ಕುಳಿತಿತು. ಅದರ ಹಿಂದೆಯೇ ನೇಂದ್ರವೂ ಹೊರಟಿತು. ಮೇಲಿನ ಮಾಡಿಗೆ ಹತ್ತಿದ್ದು ಮಾಡಿನಲ್ಲೇ ಉಳಿಯಿತು, ಗಡ್ಡಕ್ಕೆ ಹತ್ತಿದ್ದು ಗಡ್ಡದಲ್ಲೇ. ಆ ಸದ್ದಿಗೆ ಹೊಳೆಯ ಮೀನುಗಳೆಲ್ಲ ಸಮುದ್ರಕ್ಕೆ ಓಡಿದವೆಂದು ಆಮೇಲೆ ಬೆಸ್ತರು ದೂರಿದರು.

ಹಿತ್ತಿಲಿನಿಂದ ಬೀವಿ ಕೂಗಿದಳು: "ಎಂತ ಆಯಿತು?"

"ಎಂತ ಇಲ್ಲ. ಪರೀಕ್ಷೆ!"

"ಪಾಸಾ, ಫೇಲಾ?"

ಅಫೀಫಾ ಓಡಿ ಬಂದು ನನ್ನನ್ನು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, "ಉಪ್ಪಾ, ಹುಬ್ಬಿನ ಮೇಲೆ ಬಾಳೆಹಣ್ಣು ಉಂಟು," ಎಂದಳು. ಒರೆಸಿಕೊಂಡು ಎರಡನೆಯ ಕಂತು ಶುರುಮಾಡಿದೆ. ಈ ಸಲ ಮುಚ್ಚಳದ ಮೇಲೆ ನನ್ನ ಇಡೀ ದೇಹದ ಭಾರ ಹಾಕಿ ಗುಂಡಿ ತಿರುಗಿಸಿದೆ. ಖರ್ಜೂರ, ತೆಂಗಿನತುರಿ, ಗೇರುಬೀಜ, ಏಲಕ್ಕಿ, ಹಾಲು ಎಲ್ಲ ಒಳಗೆ ಹೋದವು. ಕೊನೆಗೆ ಪುಡಿ. ಡಬ್ಬಿಯ ಮೇಲೆ ಒಂದು ಚಮಚ ಸಾಕೆಂದು ಬರೆದಿತ್ತು. ಆದರೆ ಬರೆದವನು ನಮ್ಮ ಅಳಿಯನ ಅಗಲ ನೋಡಿದವನೇ? ಬೀಗಿತ್ತಿಯ ಎದುರು ಜಿಪುಣತನ ಮಾಡಬಾರದೆಂದು ಧಾರಾಳವಾಗಿ ಸುರಿದೆ. ರುಚಿ ನೋಡಿದೆ. ಅಲ್ಲಾ! ದ್ರವರೂಪದ ಉನ್ನಕ್ಕಾಯ! ಸ್ಟೀಲ್ ಪಾತ್ರೆಗೆ ಹೊಯ್ದು, ತಣ್ಣಗಾಗಲೆಂದು ಫ್ರಿಜ್ಜಿನಲ್ಲಿಟ್ಟೆ.

ಅಷ್ಟರಲ್ಲಿ ಫಸಲ್ ತನ್ನ ಉಮ್ಮನ ಜೊತೆ ಬಂದ. ಹೆಂಗಸರನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ಜುಮಾ ನಮಾಜಿಗೆ ಮಸೀದಿಗೆ ಹೋದೆವು. ದಾರಿಯುದ್ದಕ್ಕೂ ಅವನಿಗೆ ಪ್ರೋಟೀನಿನ ಮಹಿಮೆ ಹೇಳಿದೆ. ಅವನು "ಹೌದು ಮಾಮ, ಹೌದು ಮಾಮ" ಎನ್ನುತ್ತಾ ಬಂದ. ದಾರಿಯಲ್ಲಿ ಒಂದು ಬೇಕರಿಯ ಗಾಜಿನೊಳಗೆ ಏನನ್ನೋ ನೋಡುತ್ತಾ ಎಡವಿದ ಕೂಡ. ಜೊತೆಗೆ ನಾನಿಲ್ಲದಿದ್ದರೆ ಚರಂಡಿಗೇ ಬೀಳುತ್ತಿದ್ದ.

ಮರಳಿ ಬಂದವನೇ ಅಡುಗೆಮನೆಗೆ ನುಗ್ಗಿ ಪಾತ್ರೆ ತೆಗೆದು ಗ್ಲಾಸಿಗೆ ಬಗ್ಗಿಸಿದೆ. ಏನೂ ಬೀಳಲಿಲ್ಲ. ಇನ್ನಷ್ಟು ಬಗ್ಗಿಸಿದೆ. ತಲೆಕೆಳಗೆ ಹಿಡಿದೆ. ಪಾತ್ರೆಯ ತಳಕ್ಕೆ ಹೊಡೆದೆ. ಒಳಗಿದ್ದದ್ದು ಸರಕಾರಿ ಜಾಗದಲ್ಲಿ ಶೆಡ್ಡು ಹಾಕಿದವನ ಹಾಗೆ ಅಲ್ಲಾಡಲಿಲ್ಲ. ನೆಟ್ಟ ಚಮಚ ನೆಟ್ಟಗೆ ನಿಂತಿತು. ಬಿಸಿಗೆ ಹಾಕಿದ ಪುಡಿ ಮೊಟ್ಟೆಯ ಹಾಗೆ ಬೆಂದು, ನೇಂದ್ರದ ಅಂಟಿನೊಂದಿಗೆ ಸಂಸಾರ ಹೂಡಿಬಿಟ್ಟಿತ್ತು.

ಬೀವಿ ಬಾಗಿಲಲ್ಲಿ ನಿಂತಿದ್ದಳು. "ಇದನ್ನು ಕುಡಿಯುವುದಾ, ಕತ್ತಿ ತರಬೇಕಾ?"

"ಸ್ವಲ್ಪ ದಪ್ಪ ಆಗಿದೆ. ಶಾರ್ಜಾದಲ್ಲಿ..."

"ಶಾರ್ಜಾದಲ್ಲಿ ಬೀಗಿತ್ತಿ ಬಂದು ಕೂತಿರಲಿಲ್ಲ!" ಒಳಗಿನ ಕೋಣೆಯಿಂದ ಆ ಹೆಂಗಸಿನ ಮಾತು ಕೇಳಿಸುತ್ತಿತ್ತು. ಮೇಜಿನ ಮೇಲೆ ಸಿಹಿಯ ತಟ್ಟೆಯ ಜಾಗ ಖಾಲಿ ಇತ್ತು. ಬೀವಿ ಒಂದು ಗಳಿಗೆ ಪಾತ್ರೆಯನ್ನು ನೋಡಿದಳು. ಬೆರಳಲ್ಲಿ ಒತ್ತಿದಳು. ಒಂದು ಚೂರು ಕಿತ್ತು ಅಂಗೈಯಲ್ಲಿ ಉರುಟಿದಳು. ಆಮೇಲೆ ನನ್ನ ಕಡೆ ನೋಡದೆ, "ನೀವು ಹೋಗಿ ಕೂತುಕೊಳ್ಳಿ. ಅಫೀಫಾ, ಅಕ್ಕಿಹಿಟ್ಟು ಒಂದು ಹಿಡಿ ತಾ. ಬಾಣಲೆ ಇಡು," ಎಂದಳು.

ಹತ್ತೇ ನಿಮಿಷದಲ್ಲಿ ತುಪ್ಪದ ವಾಸನೆ ಬಂತು. ಅದರ ಹಿಂದೆ ಬೀವಿ ಬಂದಳು, ಕೈಯಲ್ಲಿ ಹೊಂಬಣ್ಣದ ಉನ್ನಕ್ಕಾಯದ ಗೋಪುರ.

ನಾನು ತಕ್ಷಣ ಎದ್ದು ನಿಂತು ಪ್ರಕಟಣೆ ಹೊರಡಿಸಿದೆ: "ಫಸಲ್, ಇದು ಉನ್ನಕ್ಕಾಯ ಅಲ್ಲ. ಪ್ರೋಟೀನ್ ಶೇಕ್. ಸಕ್ಕರೆ ಸುತರಾಂ ಇಲ್ಲ. ನಾನೇ ಮಾಡಿದ್ದು. ಘನರೂಪದಲ್ಲಿ ಉಂಟು, ಅಷ್ಟೆ. ಧೈರ್ಯವಾಗಿ ತಿನ್ನು."

ಫಸಲ್ ತಟ್ಟೆಯನ್ನು ನೋಡಿದ. ನನ್ನ ಸೌತೆಕಾಯಿಯನ್ನು ನೋಡಿದ. ಕೈ ಕಟ್ಟಿ ಕುಳಿತ. ಬೀವಿ ಮೇಜಿನ ಅಂಚು ಹಿಡಿದುಕೊಂಡಳು.

"ಎಂತದಾ ಮೋನೆ?" ಎಂದರು ಅವನ ಉಮ್ಮ, ಬೆರಗಾಗಿ. "ಮನೆಯಲ್ಲಿ ಉನ್ನಕ್ಕಾಯ ಮಾಡಿದರೆ ನನಗೆ ಬಾಣಲೆ ತೊಳೆಯುವ ಕೆಲಸವೇ ಇಲ್ಲ, ಇವನೇ ನೆಕ್ಕಿ ಇಡ್ತಾನೆ. ಇಲ್ಲಿ ಎಂತ ಶೋಕ?"

ಫಸಲ್‌ನ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಮಾಮ ಸಿಹಿ ಮುಟ್ಟುವುದಿಲ್ಲ ಉಮ್ಮಾ. ತಿನ್ನುವವರನ್ನು ಕಂಡರೆ ಪಾಪ ಅನಿಸ್ತದಂತೆ. ಹಿರಿಯರು ಸೌತೆಕಾಯಿ ತಿನ್ನುವಾಗ ಪಕ್ಕದಲ್ಲಿ ಕೂತು ನಾನು ಹೇಗೆ ಇದನ್ನೆಲ್ಲ..."

ಬೀವಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟದ ಬಿಸಿಗೆ ನೇಂದ್ರ ಒಲೆಯಿಲ್ಲದೆಯೇ ಬೇಯುತ್ತಿತ್ತು. ಇಷ್ಟು ದಿನ ಅವಳ ಕಣ್ಣೀರಿಗೆ ಕಾರಣವಾದ ಸೌತೆಕಾಯಿ ಯಾವ ಬಳ್ಳಿಯದೆಂದು ಅವಳಿಗೆ ಈಗ ತಿಳಿಯಿತು. ಒಂದೇ ಮಾತು ಸಾಕಿತ್ತು, "ಇವರಿಗೆ ಶುಗರ್" ಎಂದು. ಬೀಗಿತ್ತಿಯ ಎದುರು ನನ್ನ ಬಾಡಿ, ನನ್ನ ವೈರಾಗ್ಯ ಎಲ್ಲ ನೆಲಕ್ಕೆ ಬೀಳುತ್ತಿದ್ದವು. ನಾನು ಕಣ್ಣಲ್ಲೇ ಕೈಮುಗಿದೆ.

ಬೀವಿ ಆ ಮಾತು ಆಡಲಿಲ್ಲ. ಗೋಪುರದ ತುದಿಯಿಂದ ಒಂದು ಉನ್ನಕ್ಕಾಯ ತೆಗೆದು, ತನ್ನ ಕೈಯಾರೆ ನನ್ನ ತಟ್ಟೆಗೆ ಇಟ್ಟು, "ಇವರು ಇವತ್ತು ತಿನ್ನುತ್ತಾರೆ ಮೋನೆ," ಎಂದಳು. "ನಿನ್ನ ಜೊತೆಗೆ."

ತಿಂದೆ. ಎಷ್ಟು ವರ್ಷದ ಮೇಲೆ! ಹೊರಗೆ ತುಪ್ಪದಲ್ಲಿ ಗರಿ, ಒಳಗೆ ಖರ್ಜೂರ ಕರಗಿದ ನೇಂದ್ರ, ನಡುವೆ ಹಲ್ಲಿಗೆ ಸಿಕ್ಕುವ ಗೇರುಬೀಜ. ಪ್ರೋಟೀನ್ ಎಲ್ಲಿತ್ತೋ ನನಗೆ ಕಾಣಲಿಲ್ಲ. ನಾನು ಹುಡುಕಲೂ ಇಲ್ಲ. ಇತ್ತ ಫಸಲ್‌ನ ಕಟ್ಟು ಒಡೆಯಿತು. ಮಳೆಗಾಲದ ಅಳಿವೆಯ ಹಾಗೆ ನುಗ್ಗಿದ. ಗೋಪುರ ಗುಡ್ಡವಾಯಿತು, ಗುಡ್ಡ ಬಯಲಾಯಿತು. ಬಿರಿಯಾನಿಯ ಪಾತ್ರೆಯೂ ಅದೇ ದಾರಿ ಹಿಡಿಯಿತು. ಅವನ ಉಮ್ಮ ನಗುತ್ತಾ, "ಈಗ ನನ್ನ ಮಗ ಕಂಡ," ಎಂದು ಬೀವಿಯ ಕೈ ಹಿಡಿದು, ಉನ್ನಕ್ಕಾಯ ಇಷ್ಟು ಮೆತ್ತಗಾಗಲು ಎಂತ ಹಾಕಿದಿರಿ ಎಂದು ಕೇಳಿದರು. ಬೀವಿ ರಾಣಿಯ ಹಾಗೆ ಕುಳಿತು ಹೇಳತೊಡಗಿದಳು. ಆ ವರ್ಣನೆಯಲ್ಲಿ ನನ್ನ ಹೆಸರೂ ಬರಲಿಲ್ಲ, ಡಬ್ಬಿಯ ಹೆಸರೂ ಬರಲಿಲ್ಲ. ಆದರೂ ನನಗೆ ಬೇಸರವಾಗಲಿಲ್ಲವೆಂದರೆ ನೀವು ನಂಬಬೇಕು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಮಗಳ ನಿಕಾಹದ ದಿನವೂ ಕಂಡಿರಲಿಲ್ಲ.

ತಟ್ಟೆಯಲ್ಲಿ ಒಂದೇ ಒಂದು ಉನ್ನಕ್ಕಾಯ ಉಳಿದಿತ್ತು. ಎಲ್ಲರೂ ಮಾತಿನಲ್ಲಿ ಮುಳುಗಿದ್ದ ಸಮಯ ನೋಡಿ ನಾನು ಮೆಲ್ಲಗೆ ಕೈ ಚಾಚಿ, ಬೀವಿಗೆ ಮಾತ್ರ ಕೇಳುವಷ್ಟು ಸಣ್ಣ ಸ್ವರದಲ್ಲಿ ಹೇಳಿದೆ: "ಪಾಪ, ಹುಡುಗ ಒಬ್ಬನೇ ತಿನ್ನುವುದು ಸರಿಯಲ್ಲ ಮಾರಾಯ್ತಿ. ಅವನ ಮರ್ಯಾದೆಗಾಗಿ ಇದೊಂದು..."

ಬೀವಿ ತಟ್ಟೆಯನ್ನು ಅಳಿಯನ ಕಡೆ ಸರಿಸಿ, ಮುಖದ ನಗು ಒಂದಿಷ್ಟೂ ಮಾಸದಂತೆ ಹೇಳಿದಳು:

"ಮೊದಲನೆಯದು ಅವನ ಮರ್ಯಾದೆಗೆ. ಎರಡನೆಯದು ಯಾರ ಮರ್ಯಾದೆಗೆ?"