ಜೋಡಿ ಗಾಜಿನ ಕಿಟಕಿ, ಹಸೀನಾ ಚಾಚಿಯ ಬಟ್ಟಲು

ಏಪ್ರಿಲ್ 12, ರವಿವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಜೋರಾಪುರ ಪೇಟೆಯ ನಮ್ಮ ಅಡುಗೆಮನೆಯನ್ನು ತಂಪು ಮಾಡುವ ಮಹತ್ಕಾರ್ಯಕ್ಕೆ ನಾನು ಕೈಹಾಕಿದ ಗಳಿಗೆ ಇದು. ಒಳಗಿನ ಉಷ್ಣತೆ 39 ಡಿಗ್ರಿ ಎಂದು ಡೈರಿಯಲ್ಲಿ ದಾಖಲಿಸಿದೆ.

"ಒಲಿ ಮುಂದ ನಿಂತು ಅಳದ್ರ ಇನ್ನೇನ ಬರ್ತೈತಿ?" ಎಂದಳು ಅವ್ವ, ರೊಟ್ಟಿ ಬಡಿಯುತ್ತ. ವಿಜ್ಞಾನಕ್ಕೆ ನಮ್ಮ ಮನೆಯಲ್ಲಿ ಬೆಂಬಲ ಕಡಿಮೆ.

ನನಗೆ ಜ್ಞಾನೋದಯವಾದದ್ದು ತಿಕೋಟಾದಲ್ಲಿ. ಸೋದರಮಾವ ಅಲ್ಲಿ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನ ಆಫೀಸಿನ ಕಿಟಕಿಗೆ ಎರಡೆರಡು ಗಾಜು. ನಡುವೆ ಬೆರಳಿನಷ್ಟು ಜಾಗ, ಅದರೊಳಗೆ ಒಣ ಗಾಳಿ ಬಂದಿ. ಹೊರಗಿನ ಬಿಸಿ ಆ ಗಾಳಿಯನ್ನು ದಾಟಿ ಬರಲು ತಿಣುಕಬೇಕು. "ಒಂದು ಹೆಚ್ಚಿಗಿ ಉಳದೈತಿ, ಒಯ್ತಿ ಏನು?" ಎಂದ ಮಾವ. ಒಯ್ದೆ. ಬಸ್ಸಿನಲ್ಲಿ ಗಾಜನ್ನು ಸೀಟಿನ ಮೇಲೆ ಕೂರಿಸಿ, ವಿಜಯಪುರದವರೆಗೆ ನಾನು ನಿಂತು ಬಂದೆ.

ಗಾಜಿನ ಅಂಚಿಗೆ ಸುತ್ತಲೂ ಕಪ್ಪು ಮೇಣದಂಥದ್ದು ಮೆತ್ತಿಕೊಂಡಿತ್ತು. ಜೋಳ ಹಸನು ಮಾಡುವ ಮನೆಯಲ್ಲಿ ಬೆಳೆದವಳು ನಾನು. ಕಸ ಕಂಡರೆ ಕೈ ಸುಮ್ಮನಿರುವುದಿಲ್ಲ. ಚಾಕುವಿನಿಂದ ಒಂದು ಮೂಲೆ ಕೆರೆದೆ. ಒಳಗಿನಿಂದ ಸಾಬುದಾಣಿಯಂಥ ಕಾಳು ಉದುರಿದವು. ಎಂಥ ಕೊಳಕು ಎಂದುಕೊಂಡು, ಕೊಡವಿ ಕೊಡವಿ ಅಷ್ಟನ್ನೂ ಹೊರಗೆ ಚೆಲ್ಲಿದೆ. ಮೇಲೆ ಎರಡು ಕೊಡ ನೀರು ಸುರಿದು ತೊಳೆದೆ. ಗಾಜು ಫಳಫಳ ಹೊಳೆಯಿತು.

ಬಡಿಗೇರ ಸಂಗಪ್ಪ ಹಳೆಯ ಕಟ್ಟಿಗೆಯ ಕಿಟಕಿ ಕಿತ್ತು, "ಈ ಗಾಜಿಂದು ತೆಗದು ಮುಚ್ಚೂ ಹಂಗ ಬೇಕೇನ್ರಿ?" ಎಂದು ಕೇಳಿದ.

"ತೆಗದ್ರ ಬಿಸಿ ಬರ್ತೈತಿ. ಗಟ್ಟಿಯಾಗಿ ಕೂಡಸ್ರಿ," ಎಂದೆ.

"ಹಸೀನಾಗ ಬಟ್ಟಲ ಹೆಂಗ ಕೊಡ್ಲಿ ಬೇ?" ಎಂದಳು ಅವ್ವ.

ಹಸೀನಾ ಚಾಚಿ ಎದುರುಮನೆಯವಳು. ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಎರಡೂ ಅಡುಗೆಮನೆಗಳ ಕಿಟಕಿಯಿಂದ ಕೈ ಚಾಚಿದರೆ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ನಾನು ಹುಟ್ಟುವ ಮೊದಲಿನಿಂದಲೂ ಇಲ್ಲಿಂದ ರೊಟ್ಟಿ ಹೋಗುತ್ತದೆ, ಅಲ್ಲಿಂದ ಬಟ್ಟಲಿನಲ್ಲಿ ಏನಾದರೂ ಬರುತ್ತದೆ.

"ಬಾಗಲದಿಂದ ಕೊಡು," ಎಂದೆ. ಪ್ರಗತಿಗೆ ಇಂಥ ಸಣ್ಣಪುಟ್ಟ ತ್ಯಾಗ ಅನಿವಾರ್ಯ.

ಸಂಜೆ 36 ಡಿಗ್ರಿ. ಮೂರು ಡಿಗ್ರಿ ಇಳಿಕೆ! ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಆ ಹೊತ್ತಿಗೆ ಒಲೆ ಆರಿತ್ತು ಎಂಬುದನ್ನು ಬರೆಯಲಿಲ್ಲ.

ಬುಧವಾರ ಗಾಜು ಮಸುಕಾಯಿತು. ಒಳಗಿನಿಂದ ಒರೆಸಿದೆ, ಹೋಗಲಿಲ್ಲ. ಓಣಿಯಲ್ಲಿ ಸ್ಟೂಲ್ ಹತ್ತಿ ಹೊರಗಿನಿಂದ ಒರೆಸಿದೆ, ಹೋಗಲಿಲ್ಲ. ಮತ್ತೆ ಒಳಗೆ ಬಂದು ಮೈಯೆಲ್ಲ ಬಲ ಹಾಕಿ ಅತ್ತಿತ್ತ ತಿಕ್ಕಿದೆ. ಗಾಜಿನಾಚೆ ಏನೋ ನೆರಳು ಅಲುಗಾಡಿತು. ಸದ್ದು ಮಾತ್ರ ಇಲ್ಲ. ಬಿಸಿಯ ಜೊತೆಗೆ ಓಣಿಯ ಗದ್ದಲವನ್ನೂ ತಡೆಯುತ್ತದಲ್ಲ ಎಂದು ಎದೆಯುಬ್ಬಿತು.

ಕೊನೆಗೆ ಮಾವನಿಗೆ ಫೋನ್ ಮಾಡಿದೆ.

"ಹುಚ್ಚಿ, ಆ ಕಾಳ ತೇವ ಹೀರಾಕ ಇಟ್ಟಿರ್ತಾರ. ಆ ಕಪ್ಪಂದು ಒಳಗ ನೀರು ಹೋಗಬಾರದಂತ ಹಚ್ಚಿರ್ತಾರ," ಎಂದ.

ಎರಡನ್ನೂ ನಾನು ಸ್ವಚ್ಛ ಮಾಡಿದ್ದೆ. ಮಂಜು ಈಗ ಎರಡು ಗಾಜಿನ ನಡುವೆ, ಯಾವ ಬಟ್ಟೆಗೂ ಸಿಗದಂತೆ ಕೂತಿತ್ತು.

ಆದರೆ ದೊಡ್ಡ ನಷ್ಟ ಅದಲ್ಲ. ಗುರುವಾರ ಬಟ್ಟಲು ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಅವ್ವ ರೊಟ್ಟಿ ಕಟ್ಟಿಕೊಂಡು ಚಾಚಿಯ ಬಾಗಿಲಿಗೆ ಹೋಗಿ, ಹಾಗೇ ವಾಪಸು ತಂದಳು. "ಮಾರಿ ತಿರುವಿ ಒಳಗ ಹೋದ್ಲು," ಎಂದಳು. ಅವತ್ತು ಅವ್ವ ಊಟ ಮಾಡಲಿಲ್ಲ. ಸಂಜೆ, ಅದೇ ರೊಟ್ಟಿಯ ಗಂಟು ಕಂಕುಳಲ್ಲಿಟ್ಟು, ಗಾಜು ತಿಕ್ಕುತ್ತಿದ್ದ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಮತ್ತೆ ಅಲ್ಲಿಗೇ ಹೋದಳು.

"ಏನ್ ತಪ್ಪ ಮಾಡೇನಿ ಹೇಳ ಹಸೀನಾ."

"ಬುಧವಾರ ನಮ್ಮ ರೇಷ್ಮಾನ್ನ ನೋಡಾಕ ಬಂದಿದ್ರು ಅಕ್ಕಾ," ಎಂದಳು ಚಾಚಿ, ಕಣ್ಣು ತುಂಬಿಕೊಂಡು. "ಕಿಡಕ್ಯಾಗ ನಿಂತು ಬಾ ಅಕ್ಕಾ, ಬಾ ಅಂತ ಕೂಗೇ ಕೂಗಿದ್ನಿ. ನೀ ಕೈ ಬೀಸಿ ಹೋಗು, ಹೋಗು ಅಂದಿ."

"ನಾ ಅವತ್ತ ಬಜಾರಕ್ಕ ಹೋಗಿದ್ನೆಲ್ಲ?"

"ಮತ್ತ ಆ ಕೈ ಯಾರದು?"

ಇಬ್ಬರೂ ನನ್ನ ಕೈ ನೋಡಿದರು. ಒರೆಸುವ ಬಟ್ಟೆ ಅದರಲ್ಲಿ ಇನ್ನೂ ಇತ್ತು.

ಮೊದಲು ನಕ್ಕವಳು ಚಾಚಿ. "ಯಪ್ಪಾ, ಇಷ್ಟ ಸಾಲಿ ಕಲ್ತೀದಿ, ಕಿಡಕಿ ತೆಗಿಯೂದು ಗೊತ್ತಾಗ್ಲಿಲ್ಲೇನ ನಿನಗ?"

"ಆಕಿಗಿ ಮುಚ್ಚೂದಷ್ಟ ಕಲಿಸ್ಯಾರ," ಎಂದಳು ಅವ್ವ.

ರೇಷ್ಮಾಳ ಸಂಬಂಧ ಕೂಡಿತ್ತಂತೆ. "ನಿಶ್ಚಯಕ್ಕರ ಬಾ ಅಕ್ಕಾ," ಎಂದು ಚಾಚಿ ರೊಟ್ಟಿ ಇಸಿದುಕೊಂಡಳು.

ಮರುದಿನ ಸಂಗಪ್ಪ ಬಂದು ಹಳೆಯ ಕಿಟಕಿಯನ್ನೇ ಕೂಡಿಸಿದ. ಉಷ್ಣತೆ 39 ಡಿಗ್ರಿ. ಒಲೆಯ ಪಕ್ಕ ಚಾಚಿಯ ಬಟ್ಟಲು, ಅದರಲ್ಲಿ ಮುಳಗಾಯಿ ಪಲ್ಯ. ಬಿಸಿಲನ್ನು ತಡೆಯಬೇಕಾಗಿದ್ದ ನನ್ನ ಗಾಜು ಮಾಳಿಗೆಯ ಮೇಲೆ ಅದೇ ಬಿಸಿಲಿಗೆ ಮೈಯೊಡ್ಡಿ ಮಲಗಿದೆ. ಅದರ ಮೇಲೆ ಅವ್ವ ಮತ್ತು ಚಾಚಿ ಸೇರಿ ಸಂಡಿಗೆ ಇಟ್ಟಿದ್ದಾರೆ. ಜೋಡಿ ಗಾಜಿನ ಮೇಲೆ ಸಂಡಿಗೆ ಒಣಗುವ ಮನೆ ಇಡೀ ಪೇಟೆಯಲ್ಲಿ ನಮ್ಮದೊಂದೇ ಎಂದು ಹೆಮ್ಮೆಯಿಂದ ದಾಖಲಿಸಿದ್ದೇನೆ.

ಎರಡು ಗಾಜಿನ ನಡುವಿನ ಮಂಜು ತೆಗೆಯುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕಾಗಿ ವಿನಂತಿ. ಖುದ್ದಾಗಿ ಬರುವವರು ಕಿಟಕಿಯ ಹೊರಗೆ ನಿಂತು ಕೂಗಿದರೂ ಆದೀತು. ಈಗ ಒಳಗೆ ಕೇಳಿಸುತ್ತದೆ.